ನಮ್ಮ ಮನೆಗೆ ಬಂದಿತ್ತು

2021ರ ಜೂನ್ 11, ಶುಕ್ರವಾರ. ಎರಡನೇ ಅಲೆಯ ಲಾಕ್‌ಡೌನ್ ಇನ್ನೂ ಪೂರ್ತಿ ತೆಗೆದಿರಲಿಲ್ಲ. ಬೆಂಗಳೂರಿನ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ನಿಂತು ಹುರುಳಿಕಾಯಿ ನಾರು ತೆಗೆಯುತ್ತಿದ್ದೆ. ಒಂದು ಕಣ್ಣು ಫೋನಿನ ಮೇಲೆ. ಆ ದಿನಗಳಲ್ಲಿ ವಾಟ್ಸಾಪ್ ಸ್ಟೇಟಸ್ ನೋಡೋದು ಅಂದರೆ ಪೇಪರಿನ ಶ್ರದ್ಧಾಂಜಲಿ ಪುಟ ನೋಡಿದ ಹಾಗೆ. ದಿನಾ ಯಾರೋ ಒಬ್ಬರು. ಅವತ್ತು ಕವಿ ಸಿದ್ಧಲಿಂಗಯ್ಯ ಕೋವಿಡ್‌ನಿಂದ ತೀರಿಕೊಂಡಿದ್ದರು.

ಅವರ ಹೆಸರು ನನಗೆ ಗೊತ್ತಿತ್ತು. ಹೇಗೆ ಗೊತ್ತಿತ್ತು ಅಂತ ಹೇಳೋಕೆ ಈಗ ಸ್ವಲ್ಪ ನಾಚಿಕೆ. ‘ಆ ಬೆಟ್ಟದಲ್ಲಿ ಬೆಳದಿಂಗಳಲ್ಲಿ’ ಬರೆದವರು ಅಂತ ಗೊತ್ತಿತ್ತು. ನಾನು ಪ್ರೈಮರಿ ಸ್ಕೂಲಿನಲ್ಲಿದ್ದಾಗ ಬಂದ ಹಾಡು ಅದು. ನಮ್ಮ ಕಡೆ ಮದುವೆ ಮನೆಯ ಆರ್ಕೆಸ್ಟ್ರಾದಲ್ಲಿ ಅದಿಲ್ಲದೆ ಊಟದ ಪಂಕ್ತಿ ಏಳುತ್ತಿರಲಿಲ್ಲ. ದಲಿತ ಕವಿ ಅಂತ ಪಿಯುಸಿ ಪಠ್ಯದ ಕವಿ ಪರಿಚಯದಲ್ಲಿ ಓದಿದ್ದೆ, ಪರೀಕ್ಷೆ ಮುಗಿದ ಮೇಲೆ ಮರೆತಿದ್ದೆ.

ಸ್ಟೇಟಸ್ ಹಾಕಿದ್ದು ಬ್ಯಾಂಕಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಒಬ್ಬ ಗೆಳತಿ. ಸಿದ್ಧಲಿಂಗಯ್ಯನವರೇ ಬರೆದ ಒಂದು ಹಾಡಿನ ಮೂವತ್ತು ಸೆಕೆಂಡಿನ ವಿಡಿಯೋ. ಹಳೇದು, ಅಲುಗಾಡುತ್ತಿತ್ತು. ಮಬ್ಬು ಬೆಳಕಿನಲ್ಲಿ ಐದಾರು ಜನ ನಿಂತಿದ್ದಾರೆ. ಒಬ್ಬನ ಕೈಯಲ್ಲಿ ತಮಟೆ. ಮೊದಲು ಬರೀ ತಮಟೆ. ಆಮೇಲೆ ಒಂದೇ ಗಂಟಲು: ‘ಯಾರಿಗೆ ಬಂತು, ಎಲ್ಲಿಗೆ ಬಂತು.’ ಹಿಂದೆ ಉಳಿದವರೆಲ್ಲ ಸೇರಿ: ‘ನಲವತ್ತೇಳರ ಸ್ವಾತಂತ್ರ್ಯ.’ ಅಷ್ಟರಲ್ಲಿ ಮೂವತ್ತು ಸೆಕೆಂಡ್ ಮುಗಿಯಿತು.

ಮತ್ತೆ ಹಾಕಿದೆ. ಮತ್ತೆ ಹಾಕಿದೆ. ಏಳೆಂಟು ಸಲ ಆಗಿರಬೇಕು. ಕೈಯಲ್ಲಿದ್ದ ಹುರುಳಿಕಾಯಿ ಹಾಗೇ ಇತ್ತು. ಕತ್ತಿನ ಹಿಂದಿನಿಂದ ಮುಂಗೈವರೆಗೂ ರೋಮ ಎದ್ದು ನಿಂತಿತ್ತು. ಕಣ್ಣು ತುಂಬಿತ್ತು, ಯಾಕೆ ಅಂತ ಗೊತ್ತಿಲ್ಲ. ತೀರಿಕೊಂಡವರು ನನಗೇನೂ ಆಗಬೇಕಿರಲಿಲ್ಲ. ದುಃಖ ಅಲ್ಲ ಅದು. ಸಿಟ್ಟು ಅನ್ನೋಣವೇ? ಯಾರ ಮೇಲೆ?

ಅವತ್ತು ರಾತ್ರಿ ಯೂಟ್ಯೂಬಿನಲ್ಲಿ ಪೂರ್ತಿ ಹಾಡು ಹುಡುಕಿ ಕೇಳಿದೆ. ಒಂದರ ಪಕ್ಕ ಇನ್ನೊಂದು ಬಂತು. ಸಭೆಗಳಲ್ಲಿ, ಬಸ್ ಸ್ಟ್ಯಾಂಡಿನ ಮುಂದೆ, ಕಾಲೇಜಿನ ಅಂಗಳದಲ್ಲಿ, ಎಲ್ಲೆಲ್ಲೋ ಯಾರ್ಯಾರೋ ಹಾಡಿದ್ದು. ಒಬ್ಬೊಬ್ಬರದು ಒಂದೊಂದು ಓಟ, ಒಂದೊಂದು ಶ್ರುತಿ. ಮೈಸೂರಿನ ಜನ್ನಿ, ಕೋಲಾರದ ಪಿಚ್ಚಳ್ಳಿ ಶ್ರೀನಿವಾಸ್, ಹೀಗೆ ದಲಿತ ಚಳವಳಿಯ ಹಾಡುಗಾರರ ಹೆಸರುಗಳು ಒಂದೊಂದಾಗಿ ಗೊತ್ತಾದವು. ನಲವತ್ತು ವರ್ಷದಿಂದ ಇಡೀ ಕರ್ನಾಟಕ ಹಾಡುತ್ತಿದ್ದ ಹಾಡುಗಳು. ಮೂವತ್ತೇಳು ವರ್ಷ ಇದೇ ಕರ್ನಾಟಕದಲ್ಲಿ ಕನ್ನಡ ಮಾತಾಡಿಕೊಂಡು ಬದುಕಿದ ನನಗೆ ಒಂದೂ ಗೊತ್ತಿರಲಿಲ್ಲ. ಇದು ಹೇಗೆ ಸಾಧ್ಯ ಅಂತ ಅವತ್ತು ಆಶ್ಚರ್ಯ ಆಗಿತ್ತು. ಈಗ ಆಗಲ್ಲ.

ಮಾರನೇ ದಿನದಿಂದ ಅದು ನನ್ನ ಕಿವಿಯಲ್ಲೇ ಇತ್ತು. ಹೊರಗಿನ ಶಬ್ದ ಒಳಗೆ ಬಿಡದ ದುಬಾರಿ ಹೆಡ್‌ಫೋನ್ ಹಾಕಿಕೊಂಡು ಪಾತ್ರೆ ತೊಳೆಯುತ್ತಾ ಕೇಳುತ್ತಿದ್ದೆ. ಯೋಚಿಸಿದರೆ ನಗು ಬರುತ್ತೆ. ಹತ್ತು ಜನ ಸೇರಿ ಹಾಡಲಿ, ಸಾವಿರ ಜನಕ್ಕೆ ಕೇಳಲಿ ಅಂತ ಕಟ್ಟಿದ ಹಾಡು. ನಾನೊಬ್ಬಳೇ, ಪಕ್ಕದ ಮನೆಗೂ ಕೇಳದ ಹಾಗೆ, ಕಿವಿಯೊಳಗೆ ತುರುಕಿಕೊಂಡು ಕೇಳುತ್ತಿದ್ದೆ.

ಕೇಳುತ್ತಾ ಕೇಳುತ್ತಾ ಒಂದು ವಿಷಯ ಹೊಳೆಯಿತು. ಹೈಸ್ಕೂಲಿನಲ್ಲಿ ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿಸಿದ್ದರು, ನೆನಪಿದೆಯಾ? ಚತುರ್ಥಿಗೆ ‘ಗೆ, ಇಗೆ, ಕೆ, ಅಕ್ಕೆ’. ಈ ಹಾಡು ಪೂರ್ತಿ ನಿಂತಿರೋದು ಆ ‘ಗೆ’ ಮೇಲೆ. ಯಾರಿಗೆ, ಎಲ್ಲಿಗೆ ಅಂತ ಎರಡು ಪ್ರಶ್ನೆ. ಎರಡರ ತುದಿಯಲ್ಲೂ ‘ಗೆ’. ಮುಂದೆ ಬರುವ ಉತ್ತರಗಳ ತುದಿಯಲ್ಲೂ ಅದೇ: ಟಾಟಾ ಬಿರ್ಲಾರ ಜೋಬಿಗೆ, ಪೊಲೀಸರ ಬೂಟಿಗೆ, ಮಾಲೀಕರ ಚಾಟಿಗೆ. ಪ್ರಾಸ ಹುಡುಕೋಕೆ ಕವಿ ಎಲ್ಲೂ ಹೋಗಿಲ್ಲ. ವ್ಯಾಕರಣವೇ ಪ್ರಾಸ ಕೊಟ್ಟಿದೆ. ಕೇಳುವವನಿಗೆ ಒಂದು ‘ಗೆ’ ಕಿವಿಗೆ ಬಿದ್ದರೆ ಸಾಕು, ಮುಂದಿನ ‘ಗೆ’ ಏನು ಅಂತ ಅವನೇ ಊಹಿಸಲು ಶುರುಮಾಡುತ್ತಾನೆ. ಅಂದರೆ ಹಾಡು ಮುಗಿದ ಮೇಲೂ ಆ ಪಟ್ಟಿ ಕೇಳುವವನ ತಲೆಯಲ್ಲಿ ಬೆಳೆಯುತ್ತಾ ಹೋಗುತ್ತೆ.

ಇನ್ನೊಂದು, ಅದರ ನಡೆ. ‘ನಲವತ್ತೇಳರ ಸ್ವಾತಂತ್ರ್ಯ’ ಅನ್ನೋದನ್ನು ಬೆರಳಲ್ಲಿ ಎಣಿಸಿ ನೋಡಿ. ಮಾತ್ರೆ ಲೆಕ್ಕದಲ್ಲಿ ನಾಲ್ಕು, ನಾಲ್ಕು, ನಾಲ್ಕು, ಆಮೇಲೆ ತುದಿಯ ‘ತ್ರ್ಯ’. ಕಾಲಿಗೆ ಸಿಗುವ ಲೆಕ್ಕ. ನಡೆಯುತ್ತಾ ಹಾಡಬಹುದು, ಉಸಿರು ಕಟ್ಟಲ್ಲ. ಸುತ್ತ ಇರುವ ಮಾತೆಲ್ಲ ಬೀದಿಯದು, ಜೋಬು, ಬೂಟು, ಚಾಟಿ. ನಡುವೆ ಈ ‘ಸ್ವಾತಂತ್ರ್ಯ’ ಮಾತ್ರ ಇಸ್ತ್ರಿ ಹಾಕಿದ ಬಟ್ಟೆ ಹಾಕಿಕೊಂಡು ನಿಂತಿರುತ್ತೆ, ಆಗಸ್ಟ್ ಹದಿನೈದಕ್ಕೆ ಬಂದ ಮುಖ್ಯ ಅತಿಥಿ ತರ.

ನಾನು ಸಾಹಿತ್ಯ ಓದಿದವಳಲ್ಲ. ಬಿಕಾಂ ಮಾಡಿ ಬ್ಯಾಂಕ್ ಪರೀಕ್ಷೆ ಬರೆದವಳು. ಆದರೂ ಇಷ್ಟು ಹೊತ್ತು ಒಂದು ಹಾಡಿನ ಜೊತೆ ಕೂತರೆ ಇಷ್ಟಾದರೂ ಕಾಣುತ್ತೆ. ಕಾಣುತ್ತಿದ್ದ ಹಾಗೆ ಖುಷಿಯೂ ಆಗುತ್ತಿತ್ತು. ಆ ಖುಷಿಯ ಭರದಲ್ಲೇ ಊರಿಗೆ ಫೋನ್ ಮಾಡಿದೆ.

‘ಅಪ್ಪಾ, ನಲವತ್ತೇಳರ ಸ್ವಾತಂತ್ರ್ಯ ಅಂತ ಹಾಡಿದೆಯಲ್ಲ, ಕೇಳಿದ್ದೀಯಾ?’

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ನೆಟ್‌ವರ್ಕ್ ಹೋಯ್ತೇನೋ ಅಂದುಕೊಂಡೆ.

‘ಅದನ್ನ ನಮ್ಮೂರಲ್ಲೇ ಹಾಡಿದ್ರು. ನೀನಾಗ ಎರಡು ವರ್ಷದವಳು.’

‘ಯಾರು ಹಾಡಿದ್ದು?’

‘ಆ ಕಡೆಯವರು.’

ಆ ಕಡೆ ಅಂದರೆ ಯಾವ ಕಡೆ ಅಂತ ನಾನು ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ. ನಮ್ಮೂರು ಇರೋದು ತರೀಕೆರೆಯ ಸೀಮೆಯಲ್ಲಿ, ಮಲೆನಾಡು ಮುಗಿದು ಬಯಲು ಶುರುವಾಗುವ ಕಡೆ. ನಮ್ಮದು ಊರಿನ ಒಳಗಿನ ಮನೆ. ಅಡಿಕೆ ತೋಟ, ಹಿತ್ತಲಲ್ಲಿ ಕೊಟ್ಟಿಗೆ, ಮುಂದೆ ಜಗಲಿ. ಕೆರೆ ಏರಿಯ ಕೆಳಗೆ ಕೇರಿ. ‘ಆ ಕಡೆ’ ಅಂದರೆ ಕೇರಿ. ಬಾಯಲ್ಲಿ ಹೆಸರು ಹೇಳದೆ ಹೇಳುವ ವಿದ್ಯೆ ನಮ್ಮವರಿಗೆಲ್ಲ ಚೆನ್ನಾಗಿ ಬರುತ್ತೆ.

ಅಪ್ಪ ಹೇಳಿದ್ದು ಇಷ್ಟು. 1986ರ ಆಗಸ್ಟ್ 15. ಶಾಲೆಯಲ್ಲಿ ಧ್ವಜ ಹಾರಿಸಿ ಚಾಕಲೇಟು ಹಂಚಿ ಆಗಿತ್ತು. ಸಂಜೆ ಕೇರಿಯ ಏಳೆಂಟು ಹುಡುಗರು ಊರೊಳಗೆ ಬಂದು ಅರಳಿಕಟ್ಟೆ ಮುಂದೆ ನಿಂತು ಈ ಹಾಡು ಹಾಡಿದರು. ಅವರಲ್ಲಿ ಕೆಲವರು ಭದ್ರಾವತಿಗೆ ಕಾರ್ಖಾನೆ ಕಡೆ ಕೆಲಸಕ್ಕೆ ಹೋಗುತ್ತಿದ್ದರು, ಅಲ್ಲಿಂದ ಕಲಿತು ಬಂದಿದ್ದರು. ನನ್ನ ತಾತ ಮತ್ತೆ ಊರಿನ ನಾಲ್ಕು ಜನ ಹೋಗಿ ಗದರಿಸಿ ಕಳಿಸಿದರು. ‘ಒಂದು ವಾರ ಗಲಾಟೆ ಆಯ್ತು, ಆಮೇಲೆ ಸರಿಹೋಯ್ತು’ ಅಂದ ಅಪ್ಪ.

‘ನೀನೇನು ಮಾಡಿದೆ?’

‘ನಂಗೇನು, ಇಪ್ಪತ್ತೆಂಟು ವರ್ಷ. ತಾತನ ಮುಂದೆ ಮಾತಾಡೋಕಾಗ್ತಿತ್ತಾ?’ ಆಮೇಲೆ, ಕೇಳದಿದ್ದರೂ: ‘ರಾಗ ಚೆನ್ನಾಗಿತ್ತು. ಒಂದಿನ ತೋಟದಲ್ಲಿ ನೀರು ಕಟ್ಟುತ್ತಾ ಗುನುಗ್ತಿದ್ದೆ. ತಾತ ಕೇಳಿಸಿಕೊಂಡು ಗುದ್ದಲಿ ಕಾವಲ್ಲಿ ಬೆನ್ನಿಗೆ ಹಾಕಿದ್ದ.’

ಫೋನಿಟ್ಟ ಮೇಲೆ ಹಾಡು ಕೇಳೋಕೆ ಆಗಲಿಲ್ಲ. ಒಂದು ವಾರ ಆಗಲಿಲ್ಲ.

ಯಾಕೆ ಅಂದರೆ, ಅಲ್ಲಿವರೆಗೂ ನಾನು ಆ ಹಾಡಿನಲ್ಲಿ ನನಗೆ ಗೊತ್ತಿಲ್ಲದ ಹಾಗೇ ಒಂದು ಜಾಗ ಹುಡುಕಿಕೊಂಡಿದ್ದೆ. ಹಾಡುವವರ ಜೊತೆ ನಿಂತಿದ್ದೆ. ಪ್ರಶ್ನೆ ಕೇಳುವವರ ಗುಂಪಿನಲ್ಲಿ. ಯಾರಿಗೆ ಬಂತು ಅಂತ ನಾನೂ ಕೇಳುತ್ತಿದ್ದೆ. ಈಗ ನೋಡಿದರೆ ಆ ಪ್ರಶ್ನೆಯನ್ನು ನಮ್ಮ ಮನೆ ಮುಂದೆಯೇ ನಿಂತು, ನಮ್ಮನ್ನೇ ಕೇಳಿದ್ದಾರೆ. ಉತ್ತರದ ಪಟ್ಟಿಯಲ್ಲಿ ನಾವಿದ್ದೇವೆ.

ಸುಮ್ನೆ ಮಾತಿಗೆ ಹೇಳುತ್ತಿಲ್ಲ. ಲೆಕ್ಕ ಹಾಕಿ ನೋಡಿದೆ. ನನ್ನ ಮುತ್ತಾತ ಗೇಣಿದಾರ. ಬೇರೆಯವರ ಜಮೀನು ಉಳುತ್ತಿದ್ದವರು. 1974ರಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಉಳುವವನೇ ಒಡೆಯ. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಬೇಕು, ಭೂ ನ್ಯಾಯಮಂಡಳಿ ತೀರ್ಮಾನ ಮಾಡಬೇಕು. ತಾತ ಅರ್ಜಿ ಹಾಕಿದ. ಮೂರು ಎಕರೆ ನಮ್ಮದಾಯಿತು. ಆ ಮೂರು ಎಕರೆಯಲ್ಲಿ ಅಡಿಕೆ ಬಂತು, ಅಡಿಕೆಯಲ್ಲಿ ಪಂಪ್‌ಸೆಟ್ ಬಂತು, ನನ್ನ ಬಿಕಾಂ ಬಂತು. ನಮ್ಮ ಮನೆಯಲ್ಲಿ ಅರಸು ಅವರ ಫೋಟೋ ದೇವರ ಮನೆಯ ಪಕ್ಕದ ಗೋಡೆಯಲ್ಲಿದೆ. ಇರಲೇಬೇಕು, ನ್ಯಾಯವೇ ಅದು.

ಆದರೆ ಅದೇ ಜಮೀನಿನಲ್ಲಿ ತಾತನ ಜೊತೆ ಬಗ್ಗಿ ನಾಟಿ ಹಾಕಿದ ಕೇರಿಯವರು? ಅವರು ಗೇಣಿದಾರರಲ್ಲ, ಕೂಲಿಯವರು. ಗೇಣಿ ಇದ್ದರೆ ತಾನೇ ನಮೂನೆ 7. ಕಾಗದದ ಪ್ರಕಾರ ಅವರು ಆ ಭೂಮಿಯನ್ನು ಮುಟ್ಟೇ ಇಲ್ಲ. ಕರ್ನಾಟಕದ ಭೂಸುಧಾರಣೆ ದೊಡ್ಡದು, ಲಕ್ಷಾಂತರ ಗೇಣಿದಾರರು ಅದರಿಂದ ಮನುಷ್ಯರಾದರು. ಅದರ ತೂತು ಕೂಡ ಅಷ್ಟೇ ದೊಡ್ಡದು, ಮತ್ತೆ ಆ ತೂತಿನಲ್ಲಿ ಬಿದ್ದವರು ಯಾರು ಅಂತ ಕೇಳಿದರೆ ಹೆಚ್ಚಿನ ಕಡೆ ಒಂದೇ ಉತ್ತರ. ಹಾಗಾಗಿ ಯಾರಿಗೆ ಬಂತು, ಎಲ್ಲಿಗೆ ಬಂತು ಅಂದರೆ, ನಮ್ಮ ಮನೆಗೆ ಬಂತು. ತಡವಾಗಿ, 27 ವರ್ಷ ಆದಮೇಲೆ, ತಹಶೀಲ್ದಾರರ ಕಚೇರಿಯ ಕಾಗದದ ರೂಪದಲ್ಲಿ. ಆದರೆ ಬಂತು.

ಆಮೇಲೆ ಒಂದಷ್ಟು ಓದಿದೆ. ಓದಿದ್ದು ಬರೀ ಕುತೂಹಲದಿಂದ ಅಂದರೆ ಸುಳ್ಳು. ಹೊಟ್ಟೆಯೊಳಗಿನ ಕಿರಿಕಿರಿ ತಡೆಯಲಾರದೆ ಓದಿದೆ. ಸಿದ್ಧಲಿಂಗಯ್ಯ ಹುಟ್ಟಿದ್ದು 1954ರಲ್ಲಿ, ಮಾಗಡಿ ಹತ್ತಿರದ ಮಂಚನಬೆಲೆಯಲ್ಲಿ. ಆತ್ಮಕಥೆ ‘ಊರುಕೇರಿ’ಯ ಶುರುವಿನಲ್ಲೇ ಒಂದು ಚಿತ್ರ ಇದೆ. ಹೊಲದಲ್ಲಿ ಎತ್ತುಗಳ ಬದಲು ಇಬ್ಬರು ಮನುಷ್ಯರು ನೊಗ ಹೊತ್ತು ಎಳೆಯುತ್ತಿದ್ದಾರೆ. ಮಗು ನೋಡುತ್ತಿದೆ. ಎಳೆಯುತ್ತಿರುವವರಲ್ಲಿ ಒಬ್ಬರು ಅದರ ಅಪ್ಪ. ಇದನ್ನು ಅವರು ಎಷ್ಟು ತಣ್ಣಗೆ ಬರೆದಿದ್ದಾರೆ ಅಂದರೆ, ಓದಿ ಪುಟ ತಿರುವಿ, ಮತ್ತೆ ಹಿಂದೆ ಬರಬೇಕಾಯಿತು. ಉಳಿದ ಪುಸ್ತಕದ ತುಂಬಾ ನಗು. ಹಸಿವಿನ ಬಗ್ಗೆಯೂ ನಗಿಸುತ್ತಾರೆ. ಮೊದಲ ಕವನ ಸಂಕಲನ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂತು. ಆಗ ಅವರಿಗೆ ಇಪ್ಪತ್ತೊಂದು.

ಅದಕ್ಕೂ ಮುಂಚೆ 1973ರ ನವೆಂಬರ್. ಆ ತಿಂಗಳ ಒಂದನೇ ತಾರೀಕು ಮೈಸೂರು ರಾಜ್ಯ ಕರ್ನಾಟಕ ಆಯಿತು. ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಅದೇ ತಿಂಗಳು ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂದರು. ರಾಜ್ಯ ಹೊತ್ತಿ ಉರಿಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ ಆಯಿತು, ಬಸವಲಿಂಗಪ್ಪ ರಾಜೀನಾಮೆ ಕೊಡಬೇಕಾಯಿತು. ಇದನ್ನು ನಮಗೆ ಶಾಲೆಯಲ್ಲಿ ಯಾರೂ ಕಲಿಸಲಿಲ್ಲ. ಆ ಏಟು ತಿಂದ ಹುಡುಗರ ಪೈಕಿ ಕೆಲವರು, ಭದ್ರಾವತಿಯಲ್ಲಿ ಕನ್ನಡ ಮೇಷ್ಟರಾಗಿದ್ದ ಬಿ. ಕೃಷ್ಣಪ್ಪ, ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಇವರೆಲ್ಲ ಸೇರಿ ಕಟ್ಟಿದ್ದೇ ದಲಿತ ಸಂಘರ್ಷ ಸಮಿತಿ. ಭದ್ರಾವತಿ ನಮ್ಮೂರಿಗೆ ಒಂದು ಬಸ್ಸಿನ ದಾರಿ. ಹಾಡು ಆ ಬಸ್ಸಿನಲ್ಲೇ ಬಂದಿದೆ. ಪುಸ್ತಕದಲ್ಲಿ ಬಂದಿದ್ದರೆ ನಮ್ಮೂರ ಕೇರಿ ತಲುಪುತ್ತಿರಲಿಲ್ಲ, ಓದುವವರು ಎಷ್ಟು ಜನ ಇದ್ದರು. ಬಾಯಿಂದ ಬಾಯಿಗೆ ಬಂತು.

ಇಲ್ಲಿ ಮೈ ಜುಮ್ಮೆನ್ನುವ ವಿಷಯಕ್ಕೆ ಒಂದು ಮಾತು ಹೇಳಿಬಿಡಬೇಕು, ಇಲ್ಲದಿದ್ದರೆ ನಾನು ತುಂಬಾ ಒಳ್ಳೆಯವಳು ಅನ್ನಿಸಿಬಿಡುತ್ತೆ. ನನ್ನ ರೋಮಕ್ಕೆ ನ್ಯಾಯ ಅನ್ಯಾಯ ಗೊತ್ತಿಲ್ಲ. ನವೆಂಬರ್ ಒಂದಕ್ಕೆ ಸ್ಟೇಡಿಯಂ ತುಂಬಾ ಮಕ್ಕಳು ನಾಡಗೀತೆ ಹಾಡಿದರೂ ಅದು ಏಳುತ್ತೆ. ಕ್ರಿಕೆಟ್ ಮ್ಯಾಚಿಗೂ ಏಳುತ್ತೆ. ಕೆಲವು ವರ್ಷದ ಹಿಂದೆ ನಮ್ಮ ಬಡಾವಣೆಯಲ್ಲಿ ಒಂದು ಮೆರವಣಿಗೆ ಹೋಯಿತು. ಲಾರಿ ತುಂಬಾ ಸ್ಪೀಕರು, ಡಿಜೆ. ಎದೆಗೂಡು ನಡುಗುವ ಶಬ್ದ. ನಾನು ಬಾಲ್ಕನಿಯಲ್ಲಿ ನಿಂತು ಕಾಲು ಕುಣಿಸುತ್ತಿದ್ದೆ. ಆಮೇಲೆ ಮಾತು ಬಿಡಿಸಿ ಕೇಳಿದೆ. ಪಕ್ಕದ ಬೀದಿಯಲ್ಲಿ ಬೇರೆ ದೇವರಿಗೆ ಕೈ ಮುಗಿಯುವವರನ್ನು ಊರು ಬಿಡಿ ಅನ್ನುವ ಹಾಡು ಅದು. ಕಾಲು ನಿಂತಿತು. ಆದರೆ ಅಲ್ಲಿವರೆಗೂ ಕುಣಿದಿತ್ತಲ್ಲ. ಹತ್ತಾರು ಗಂಟಲು ಒಂದೇ ಶ್ರುತಿಗೆ ಬಂದರೆ ಮೈ ತಾನಾಗೇ ಒಲಿಯುತ್ತೆ. ಯಾವ ಹಾಡು, ಯಾರ ಮೇಲೆ ಅಂತ ಅದು ಕೇಳಲ್ಲ. ಅದಕ್ಕೇ ನನಗೆ ಈಗ ನನ್ನ ರೋಮಾಂಚನದ ಮೇಲೆ ಅಷ್ಟೊಂದು ನಂಬಿಕೆ ಇಲ್ಲ.

ಉಲ್ಟಾ ಕೂಡ ಆಗುತ್ತೆ. ಪ್ರೈಮರಿ ಸ್ಕೂಲಿನಲ್ಲಿ ದಿನಾ ಬೆಳಿಗ್ಗೆ ‘ಗೆದ್ದೇ ಗೆಲ್ಲುವೆವು ಒಂದು ದಿನ’ ಹಾಡಿಸುತ್ತಿದ್ದರು. ಎಣ್ಣೆ ಹಚ್ಚಿ ಎರಡು ಜಡೆ ಹಾಕಿ ಲೈನಲ್ಲಿ ನಿಂತು, ಹಿಂದಿನವಳು ಜಡೆ ಎಳೆಯುತ್ತಿದ್ದರೂ ಅಲುಗಾಡದೆ ಹಾಡಿದ್ದೇವೆ. ಏನನ್ನು ಗೆಲ್ಲುವುದು ಅಂತ ಯಾರೂ ಹೇಳಲಿಲ್ಲ. ತಾಲ್ಲೂಕು ಮಟ್ಟದ ಖೋಖೋ ಅಂದುಕೊಂಡಿದ್ದೆ. ಅದರ ಮೂಲದ ಹಾಡನ್ನು 1945ರಲ್ಲಿ ಅಮೆರಿಕದ ಚಾರ್ಲ್ಸ್‌ಟನ್ನಿನಲ್ಲಿ ತಂಬಾಕು ಕಾರ್ಖಾನೆಯ ಮುಂದೆ ಮುಷ್ಕರಕ್ಕೆ ಕೂತ ಕೆಲಸಗಾರರು, ಹೆಚ್ಚಿನವರು ಕಪ್ಪು ಹೆಂಗಸರು, ಹಾಡಿದ್ದರು ಅಂತ ಗೊತ್ತಾಗಿದ್ದು ಮೊನ್ನೆ ಮೊನ್ನೆ. ಎಂಥ ಹಾಡನ್ನೂ ಪ್ರಾರ್ಥನೆ ಮಾಡಿಬಿಡೋಕೆ ನಮ್ಮ ಶಾಲೆಗಳಿಗೆ ಹೆಚ್ಚು ದಿನ ಬೇಕಿಲ್ಲ.

2022ರ ಜನವರಿಯಲ್ಲಿ ಸಿದ್ಧಲಿಂಗಯ್ಯನವರಿಗೆ ಮರಣೋತ್ತರ ಪದ್ಮಶ್ರೀ ಬಂತು. ಅದಕ್ಕೂ ಮುಂಚೆಯೇ ಅವರು ವಿಧಾನ ಪರಿಷತ್ತಿನ ಸದಸ್ಯರಾಗಿದ್ದರು, 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದರು. ಕೊನೆಕೊನೆಗೆ ಕವಿ ಮೆತ್ತಗಾದರು ಅಂತ ಬೇಸರ ಮಾಡಿಕೊಂಡವರೂ ಇದ್ದಾರೆ. ನಾನು ಆ ಜಗಳಕ್ಕೆ ಹೋಗಲ್ಲ. ಕವಿ ಎಲ್ಲಿ ಬೇಕಾದರೂ ಕೂರಲಿ, ಹಾಡು ಮಾತ್ರ ಇನ್ನೂ ನಿಂತೇ ಇದೆ ಅಂತ ಕಾಣುತ್ತೆ.

ಆ ವರ್ಷ ಯುಗಾದಿಗೆ ಊರಿಗೆ ಹೋದೆ. ಹಬ್ಬದ ಮಾರನೇ ದಿನ, ಹೊಸತೊಡಕು ದಿನ, ಕೆರೆ ಏರಿ ಇಳಿದು ಕೇರಿಗೆ ಹೋದೆ. ಒಬ್ಬಳೇ ಹೋಗಿದ್ದು ಅದೇ ಮೊದಲು. ಐನೂರು ಹೆಜ್ಜೆ ಇರಬಹುದು ನಮ್ಮ ಮನೆಯಿಂದ.

ಆ ಸಂಜೆ ಹಾಡಿದವರಲ್ಲಿ ಒಬ್ಬರು ಇನ್ನೂ ಇದ್ದಾರೆ ಅಂತ ಅಪ್ಪನೇ ಹೇಳಿದ್ದ. ಹೆಸರು ಇಲ್ಲಿ ಬೇಡ. ನಮ್ಮ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದರು. ನಾನು ಆರೇಳು ವರ್ಷದ ಹುಡುಗಿ ಆಗಿದ್ದಾಗ, ಮೂವತ್ತು ದಾಟಿದ ಅವರನ್ನು ಬರೀ ಹೆಸರು ಹಿಡಿದು ಕರೆಯುತ್ತಿದ್ದೆ. ‘ಬಾರೋ, ಅಜ್ಜಿ ಕರೀತಿದಾಳೆ.’ ಅವರು ನನ್ನನ್ನು ‘ಬಂದೆ ಕಣವ್ವ’ ಅನ್ನುತ್ತಿದ್ದರು. ನಾನು ಅಪ್ಪನಿಗೂ ‘ನೀನು’ ಅಂತಲೇ ಅನ್ನೋದು. ಆದರೆ ಆ ನೀನು ಬೇರೆ, ಈ ನೀನು ಬೇರೆ. ಕನ್ನಡ ಬರುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮನೆ ಮುಂದೆ ಕಲ್ಲಿನ ಮೇಲೆ ಕೂತು ಬೀಡಿ ಸೇದುತ್ತಿದ್ದರು. ಈಗ ಎಪ್ಪತ್ತರ ಹತ್ತಿರ.

‘ಚೆನ್ನಾಗಿದ್ದೀರಾ?’ ಅಂದೆ.

ಅವರು ಕುತ್ತಿಗೆ ತಿರುಗಿಸಿ ಹಿಂದೆ ನೋಡಿದರು. ಯಾರನ್ನ ಮಾತಾಡಿಸ್ತಿದ್ದಾಳೆ ಅಂತ. ಆಮೇಲೆ ನನ್ನ ಕಡೆ ತಿರುಗಿ ಜೋರಾಗಿ ನಕ್ಕರು. ಅವರು ಬೇಕೂ ಅಂತ ಹಾಗೆ ಮಾಡಿದರಾ, ಇಲ್ಲ ನಿಜಕ್ಕೂ ಹಾಗಾಯಿತಾ, ನನಗೆ ಇವತ್ತಿಗೂ ತಿಳಿದಿಲ್ಲ.

ಸೊಸೆ ಕಾಫಿ ತಂದಿಟ್ಟರು. ನಾನು ಹಾಡಿನ ವಿಷಯ ತೆಗೆದೆ. ಅವರು ಹಾಡಿನ ಬಗ್ಗೆ ಮಾತಾಡಲಿಲ್ಲ, ತಮಟೆ ಬಗ್ಗೆ ಶುರುಮಾಡಿದರು.

ಅವರ ಅಪ್ಪ ಊರಿನ ತಮಟೆ ಬಡಿಯುವವರು. ಹಬ್ಬಕ್ಕೆ, ಸಾವಿಗೆ, ಡಂಗುರಕ್ಕೆ, ಎಲ್ಲಕ್ಕೂ ಬಡಿಯಬೇಕು. ಬಡಿಯೋದು ಕಲೆ ಅಲ್ಲ, ಚಾಕರಿ. ಬಾ ಅಂದರೆ ಬರಬೇಕು. ಕೂಲಿ ಅಂತ ಇಲ್ಲ, ಸುಗ್ಗಿಯಲ್ಲಿ ಕಣದಲ್ಲಿ ಒಂದಿಷ್ಟು ಕಾಳು, ಹಬ್ಬದಲ್ಲಿ ಉಳಿದ ಅನ್ನ. ಬಡಿಯುವ ಮುಂಚೆ ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸಬೇಕು, ಚರ್ಮ ಬಿಗಿಯಾಗೋಕೆ. ಹುಲ್ಲು, ಕಾಗದ, ತೆಂಗಿನ ಗರಿ, ಏನು ಸಿಕ್ಕರೆ ಅದನ್ನು ಉರಿ ಹಾಕೋದು. ಚಿಕ್ಕಂದಿನಲ್ಲಿ ಅದು ಇವರ ಕೆಲಸ. ‘ಸರ್ಯಾಗಿ ಕಾಯ್ದ್ರೆ ಕಂಚಿನ ತರ ಕೇಳ್ತದೆ. ಒಂದಿಷ್ಟು ಜಾಸ್ತಿ ಆದ್ರೆ ಹರೀತದೆ. ಹರಿದ್ರೆ ಒದೆ.’ ಎಡಗೈಲಿ ತೆಳ್ಳನೆ ಉದ್ದ ಕಡ್ಡಿ, ಬಲಗೈಲಿ ದಪ್ಪ ಗಿಡ್ಡ ಕೋಲು. ಕಡ್ಡಿ ಮಾತಾಡುತ್ತೆ, ಕೋಲು ಹೂಂಗುಟ್ಟುತ್ತೆ ಅಂದರು.

ಸಂಘ, ಅಂದರೆ ದಲಿತ ಸಂಘರ್ಷ ಸಮಿತಿ, ಬಂದ ಮೇಲೆ ಒಂದು ಚರ್ಚೆ ಹುಟ್ಟಿತಂತೆ. ಇದು ನನಗೆ ಗೊತ್ತೇ ಇರಲಿಲ್ಲ. ತಮಟೆ ಬಿಡಬೇಕೋ, ಹಿಡಿಯಬೇಕೋ? ಅದು ಅವಮಾನದ ಗುರುತು, ಊರಿನವರಿಗೆ ಇನ್ನು ಬಡಿಯಬಾರದು ಅಂತ ಒಂದು ಕಡೆ. ಅದು ನಮ್ಮ ಕೈಯ ವಿದ್ಯೆ, ಯಾಕೆ ಬಿಡಬೇಕು ಅಂತ ಇನ್ನೊಂದು ಕಡೆ. ಇವರೆಲ್ಲ ಸೇರಿ ಕೊನೆಗೆ ಮಾಡಿದ್ದು, ಎರಡನ್ನೂ. ಊರ ಹಬ್ಬಕ್ಕೆ ಬಡಿಯಲ್ಲ ಅಂದರು. ಅದೇ ತಮಟೆ ಹಿಡಿದು ಅರಳಿಕಟ್ಟೆ ಮುಂದೆ ಹೋಗಿ ನಿಂತರು.

‘ಹಾಡಿದ್ದಕ್ಕೆ ಅಲ್ಲ ಕಣವ್ವ ನಿಮ್ಮ ತಾತಂಗೆ ಸಿಟ್ಟು ಬಂದಿದ್ದು. ಹಾಡು ಯಾರಿಗೆ ಅರ್ಥ ಆಗಿತ್ತು? ಕರೀದೆ ತಮಟೆ ಬಡದ್ರಲ್ಲ, ಅದಕ್ಕೆ.’

ಕರೆಯದೆ. ನಾನು ಬರೀ ಹಾಡಿನ ಮಾತನ್ನೇ ಬಿಡಿಸಿ ಬಿಡಿಸಿ ನೋಡುತ್ತಿದ್ದೆ, ‘ಗೆ’ ಅಂತೆ, ನಾಲ್ಕು ನಾಲ್ಕರ ನಡೆಯಂತೆ. ಆ ಸಂಜೆ ನಮ್ಮೂರಿನ ಕಿವಿಗೆ ಬಿದ್ದಿದ್ದು ಅದ್ಯಾವುದೂ ಅಲ್ಲ. ಸಾವಿಲ್ಲ, ಹಬ್ಬ ಇಲ್ಲ, ಯಾರೂ ಹೇಳಿ ಕಳಿಸಿಲ್ಲ. ತಮಟೆ ಕೇಳುತ್ತಿದೆ.

‘ಒಂದು ವಾರ ಗಲಾಟೆ ಆಯ್ತಂತೆ’ ಅಂದೆ.

‘ವಾರಾನಾ?’ ಬೀಡಿ ಆರಿಸಿದರು. ‘ಸುಗ್ಗಿವರೆಗೂ ಕೆಲ್ಸಕ್ಕೆ ಕರೀಲಿಲ್ಲ. ಅಂಗಡೀಲಿ ಉಪ್ಪು ಕೊಡ್ಲಿಲ್ಲ. ಎಂಟು ಮೈಲಿ ಆ ಕಡೆ ಊರಿಗೆ ಕೂಲಿಗೆ ಹೋಗಿದ್ವಿ, ನಮ್ಮ ಹೆಂಗಸ್ರೂ ಬಂದಿದ್ರು. ಹಾಡೋದು ಸುಲಭ ಕಣವ್ವ.’

ಅದನ್ನು ಹೇಳುವಾಗ ಅವರ ದನಿಯಲ್ಲಿ ದೂರು ಇರಲಿಲ್ಲ. ಮಳೆ ಬಾರದ ವರ್ಷದ ಬಗ್ಗೆ ಹೇಳಿದ ಹಾಗೆ ಹೇಳಿದರು. ನಾನು ಕಾಫಿ ಲೋಟ ಹಿಡಿದುಕೊಂಡು ಕೂತಿದ್ದೆ. ಕ್ಷಮಿಸಿ ಅನ್ನಬೇಕು ಅಂತ ಬಾಯಿಗೆ ಬಂದಿತ್ತು. ಅನ್ನಲಿಲ್ಲ. ಅಂದಿದ್ದರೆ ಅವರು ‘ಇರ್ಲಿ ಬಿಡವ್ವ’ ಅನ್ನಬೇಕಾಗುತ್ತಿತ್ತು, ನಾನು ಹಗುರ ಆಗಿ ಮನೆಗೆ ಬರುತ್ತಿದ್ದೆ.

ಮೊಮ್ಮಗ, ಒಂಬತ್ತನೇ ಕ್ಲಾಸು, ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ. ಅವನಿಗೂ ಹಾಡು ಬರುತ್ತಂತೆ, ಅಂಬೇಡ್ಕರ್ ಜಯಂತಿಗೆ ಹಾಡುತ್ತಾನಂತೆ. ಒಳಗೆ ಹೋಗಿ ತಮಟೆ ತಂದ. ಪ್ಲಾಸ್ಟಿಕ್ ಹಾಳೆಯದು. ಈಗೆಲ್ಲ ಹಾಗೇ, ಕಾಯಿಸೋ ಕೆಲಸ ಇಲ್ಲ. ತಾತನಿಗೆ ಅದು ಕಂಡರೆ ಆಗಲ್ಲ, ‘ಡಬ್ಬ’ ಅಂದರು. ಆದರೂ ತೊಡೆ ಮೇಲೆ ಇಟ್ಟುಕೊಂಡು ಎರಡು ಬೆರಳಲ್ಲಿ ತಟ್ಟಿದರು. ಹುಡುಗ ಮೊದಲ ಸಾಲು ಎತ್ತಿದ. ‘ನೀನೂ ಹೇಳವ್ವ ಹಿಂದೆ’ ಅಂದರು ನನಗೆ.

ಹೇಳಿದೆ. ಹತ್ತು ತಿಂಗಳಿಂದ ಕಿವಿಯಲ್ಲಿ ಇಟ್ಟುಕೊಂಡ ಹಾಡು, ಒಂದು ಅಕ್ಷರ ತಪ್ಪಲಿಲ್ಲ. ಶ್ರುತಿಯೂ ಚೆನ್ನಾಗೇ ಇತ್ತು ಅಂತ ನನ್ನ ಅನಿಸಿಕೆ. ಎರಡು ಸುತ್ತು 

ಆದ ಮೇಲೆ ಅವರು ತಟ್ಟೋದು ನಿಲ್ಲಿಸಿದರು.

‘ಗಂಟ್ಲು ಚೆನ್ನಾಗದೆ. ಆದ್ರೆ ನೀನು ಭಜನೆ ಮಾಡ್ತಿದ್ದೀಯ.’

ಹುಡುಗ ಕಿಸಕ್ಕನೆ ನಕ್ಕ. ನನಗೂ ನಗು ಬಂತು.

‘ಅದು ಪ್ರಶ್ನೆ ಕಣವ್ವ. ಪ್ರಶ್ನೆ ಕೇಳ್ದೋರು ಉತ್ರಕ್ಕೆ ಕಾಯ್ಬೇಕು. ನೀನು ಕಾಯ್ತಾನೇ ಇಲ್ಲ, ಮುಂದಕ್ಕೆ ಹೋಗ್ತಾ ಇದ್ದೀಯ.’

ಆಮೇಲೆ ಅವರೇ ಹಾಡಿ ತೋರಿಸಿದರು. ಹಲ್ಲಿಲ್ಲದ ಬಾಯಿ, ‘ಸ್ವಾತಂತ್ರ’ ಅಂತ ತುದಿ ಮೊಂಡಾಗಿತ್ತು. ‘ಯಾರಿಗೆ ಬಂತು’ ಅಂದು ಒಂದು ಪೆಟ್ಟು ಬಿಟ್ಟರು. ಬರೀ ಒಂದೇ ಪೆಟ್ಟಿನ ಜಾಗ. ಆ ಜಾಗದಲ್ಲಿ ನನ್ನ ಮುಖ ನೋಡಿದರು. ಯೂಟ್ಯೂಬಿನ ಯಾವ ವಿಡಿಯೋದಲ್ಲೂ ನನಗೆ ಆ ಒಂದು ಪೆಟ್ಟು ಕೇಳಿಸಿರಲಿಲ್ಲ. ಅಥವಾ ಅಲ್ಲೂ ಇತ್ತೇನೋ, ಹಾಡುವವರು ನನ್ನ ಮುಖ ನೋಡುತ್ತಿರಲಿಲ್ಲ ಅಷ್ಟೆ. ರೋಮ ಏಳಲಿಲ್ಲ ಈ ಸಲ. ಕಣ್ಣು ಕೆಳಗೆ ಹೋಯಿತು.

ಹೊರಡುವಾಗ ಅವರು ಕೇಳಿದರು, ‘ನಿಮ್ಮಪ್ಪಾರು ಈಗ್ಲೂ ಗುನುಗ್ತಾರಾ?’

ನನಗೆ ಗಾಬರಿ. ‘ನಿಮಗೆ ಹೇಗೆ ಗೊತ್ತು?’

‘ಪಕ್ಕದ ತೋಟದಲ್ಲೇ ಬದ ಕಟ್ತಿದ್ನಲ್ಲ ನಾನು. ಏಟು ಬಿದ್ದಿದ್ದೂ ಕೇಳಿಸ್ತು.’

ಮನೆಗೆ ಬಂದಾಗ ಅಪ್ಪ ಜಗಲಿಯಲ್ಲಿ ಕೂತು ಅಡಿಕೆ ಹಾಳೆ ಕತ್ತರಿಸುತ್ತಿದ್ದ. ಎಲ್ಲವನ್ನೂ ಹೇಳಿದೆ. ಸುಗ್ಗಿವರೆಗೂ ಅಂದೆ, ಉಪ್ಪು ಅಂದೆ, ಎಂಟು ಮೈಲಿ ಅಂದೆ. ಅಪ್ಪ ತಲೆ ಎತ್ತಲಿಲ್ಲ. ಕೊನೆಗೆ ಪಕ್ಕದ ತೋಟದ ಮಾತು ಹೇಳಿದೆ. ಕತ್ತಿ ನಿಂತಿತು.

‘ಅವನಿದ್ನಾ ಅಲ್ಲಿ?’

‘ಇದ್ರಂತೆ.’

ತುಂಬಾ ಹೊತ್ತು ಬಿಟ್ಟು ಕೇಳಿದ: ‘ಕಾಫಿ ಕುಡಿದ್ಯಾ ಅಲ್ಲಿ?’

‘ಕುಡಿದೆ.’

‘ಒಳಗಾ, ಹೊರಗಾ?’

‘ಹೊರಗೆ. ಅವರೂ ಹೊರಗೇ ಕೂತಿದ್ರು.’

ಅಪ್ಪ ಹಾಳೆ ಪಕ್ಕಕ್ಕಿಟ್ಟ. ‘ಅಜ್ಜಿ ಮುಂದೆ ಹೇಳ್ಬೇಡ’ ಅಂದ. ಅಷ್ಟರಲ್ಲಿ ತ್ರೀ ಫೇಸ್ ಬಂತು ಅಂತ ಪಕ್ಕದ ಮನೆಯವರು ಕೂಗಿದರು. ಅಪ್ಪ ಟಾರ್ಚ್ ತಗೊಂಡು ಮೋಟರ್ ಹಾಕೋಕೆ ತೋಟದ ಕಡೆ ಹೋದ.